ಮನೆಯೊಳಗೊಂದು ವೈನ್ ಕೋಣೆ: ಮೊದಲು ಗೋಡೆ, ಆಮೇಲೆ ಯಂತ್ರ

ಪ್ರಶ್ನೆ: ನಮ್ಮ ಮನೆಯಲ್ಲಿ 3 ಮೀಟರ್ ಉದ್ದ, 2 ಮೀಟರ್ ಅಗಲ, 2.4 ಮೀಟರ್ ಎತ್ತರದ ಉಗ್ರಾಣವೊಂದು ಖಾಲಿ ಬಿದ್ದಿದೆ. ಅದನ್ನು ಸುಮಾರು 500 ಬಾಟಲಿ ಹಿಡಿಯುವ ವೈನ್ ಸೆಲ್ಲರ್ ಆಗಿ ಮಾರ್ಪಡಿಸುವ ಆಸೆ ಇದೆ. ಒಂದು ಏರ್ ಕಂಡಿಷನರ್ ಕೂರಿಸಿ, ಉದ್ದನೆಯ ಬದಿಗೆ ಪೂರ್ತಿ ಗಾಜಿನ ಗೋಡೆ ಹಾಕಿಸಿ, ಒಳಗೆ ಮರದ ರ‍್ಯಾಕ್ ಜೋಡಿಸಿದರೆ ಸಾಕಲ್ಲವೇ? ಅಥವಾ ಅದರ ಬದಲು ನೆಲ ಅಗೆಸಿ ನೆಲಮಾಳಿಗೆಯನ್ನೇ ಕಟ್ಟಿಸುವುದು ಮೇಲೇ? ಸದ್ಯಕ್ಕೆ ಇರುವ ಬಾಟಲಿಗಳೆಲ್ಲ ಅಡುಗೆಮನೆಯ ಕಪಾಟಿನ ಮೇಲಿವೆ.

ಉತ್ತರ: ನಿಮ್ಮ ಯೋಜನೆಯಲ್ಲಿ ಯಂತ್ರವಿದೆ, ಗಾಜಿದೆ, ಮರವಿದೆ. ಗೋಡೆಯ ಒಳಗೆ ಏನಿರಬೇಕು ಎಂಬ ಮಾತು ಮಾತ್ರ ಎಲ್ಲಿಯೂ ಇಲ್ಲ. ವೈನ್ ಕೋಣೆ ಕಟ್ಟಿಸಿ ಎರಡು ಮೂರು ವರ್ಷಗಳಲ್ಲಿ ಕೈಸುಟ್ಟುಕೊಂಡವರ ಕೋಣೆಗಳನ್ನು ಬಿಚ್ಚಿ ನೋಡಿದಾಗಲೆಲ್ಲ ನನಗೆ ಕಂಡಿರುವ ತಪ್ಪು ಇದೊಂದೇ: ಅವರು ಯಂತ್ರವನ್ನು ಮೊದಲು ಕೊಂಡಿರುತ್ತಾರೆ, ಗೋಡೆಯ ಬಗ್ಗೆ ಕೊನೆಗೆ ಯೋಚಿಸಿರುತ್ತಾರೆ. ಆದ್ದರಿಂದ ನೀವು ಕೇಳಿದ ಕ್ರಮದಲ್ಲಿ ಉತ್ತರಿಸುವುದನ್ನು ಬಿಟ್ಟು, ಕೆಲಸ ನಡೆಯಬೇಕಾದ ಕ್ರಮದಲ್ಲಿ ಉತ್ತರಿಸುತ್ತೇನೆ.

ಅದಕ್ಕೂ ಮೊದಲು ಒಂದು ಲೆಕ್ಕ ಹಾಕಿಕೊಳ್ಳಿ. ನಿಮ್ಮಲ್ಲಿರುವ ಬಾಟಲಿಗಳ ಪೈಕಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಡಬೇಕಾದವು ಎಷ್ಟು? ಜಗತ್ತಿನಲ್ಲಿ ತಯಾರಾಗುವ ವೈನ್‌ನ ಬಹುಪಾಲು ಕೊಂಡ ಕೆಲವೇ ವರ್ಷಗಳಲ್ಲಿ ಕುಡಿಯಲೆಂದೇ ಮಾಡಿದ್ದು. ಅದನ್ನು ಹತ್ತು ವರ್ಷ ಜೋಪಾನ ಮಾಡಿದರೆ ಹಣ್ಣಿನ ಸೊಗಸು ಆರಿಹೋಗುವುದೇ ವಿನಾ ಬೇರೇನೂ ಕೂಡಿಕೊಳ್ಳುವುದಿಲ್ಲ. ಕಾಲದೊಂದಿಗೆ ಮಾಗುವುದು ಟ್ಯಾನಿನ್ (ಬಾಯಿಗೆ ಒಗರೆನಿಸುವ ಅಂಶ), ಆಮ್ಲ ಅಥವಾ ಸಕ್ಕರೆಯ ಬಲವಿರುವ ವೈನ್: ಇಟಲಿಯ ಬರೋಲೊ, ಬೋರ್ಡೋದ ಮೇಲ್ದರ್ಜೆಯ ಕೆಂಪು ವೈನ್‌ಗಳು, ವಿಂಟೇಜ್ ಪೋರ್ಟ್, ಸೋಟರ್ನ್‌ನ ಸಿಹಿ ವೈನ್, ಜರ್ಮನಿಯ ಒಳ್ಳೆಯ ರೀಸ್ಲಿಂಗ್ ಇಂಥವು. ದೀರ್ಘಕಾಲ ಇಡಬೇಕಾದ ಬಾಟಲಿಗಳು ನೂರೈವತ್ತನ್ನು ದಾಟದಿದ್ದರೆ, ಸಿದ್ಧವಾಗಿ ಸಿಗುವ ಒಂದು ವೈನ್ ಕ್ಯಾಬಿನೆಟ್ ನಿಮ್ಮ ಕೆಲಸವನ್ನು ಗಲಾಟೆಯಿಲ್ಲದೆ ಮಾಡಿಕೊಡುತ್ತದೆ. ಇಷ್ಟರ ಮೇಲೂ ಕೋಣೆಯೇ ಬೇಕೆನಿಸಿದರೆ ಮುಂದೆ ಓದಿ.

ವೈನ್‌ಗೆ ಬೇಕಾದದ್ದು ಸುಮಾರು 12ರಿಂದ 14 ಡಿಗ್ರಿ ಸೆಲ್ಸಿಯಸ್ ಉಷ್ಣತೆ, 60ರಿಂದ 70 ಪ್ರತಿಶತ ಸಾಪೇಕ್ಷ ಆರ್ದ್ರತೆ, ಕತ್ತಲೆ ಮತ್ತು ನಿಶ್ಚಲತೆ. ಇವುಗಳಲ್ಲಿ ಉಷ್ಣತೆಯ ಸ್ಥಿರತೆಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ವರ್ಷದುದ್ದಕ್ಕೂ ನಿಧಾನವಾಗಿ 12ರಿಂದ 16ಕ್ಕೆ ಏರಿ ಮತ್ತೆ ಇಳಿಯುವ ಕೋಣೆ, ದಿನಕ್ಕೆ ನಾಲ್ಕು ಬಾರಿ 11 ಮತ್ತು 17ರ ನಡುವೆ ತೂಗಾಡುವ ಕೋಣೆಗಿಂತ ಎಷ್ಟೋ ಮೇಲು. ಕಾರಣ ಸರಳವಾಗಿದೆ. ಬಾಟಲಿಯೊಂದು 13 ಡಿಗ್ರಿಯಿಂದ 30 ಡಿಗ್ರಿಗೆ ಕಾದರೆ ಅದರೊಳಗಿನ ವೈನ್ ಮೂರರಿಂದ ನಾಲ್ಕು ಮಿಲಿಲೀಟರ್‌ನಷ್ಟು ಹಿಗ್ಗುತ್ತದೆ. ಆದರೆ ಬಿರಡೆಯ ಕೆಳಗಿರುವ ಗಾಳಿಯ ಜಾಗವೇ ಕೆಲವು ಮಿಲಿಲೀಟರ್ ಮಾತ್ರ. ಹೀಗಾಗಿ ಒಳಗೆ ಒತ್ತಡ ಏರಿ ಬಿರಡೆ ಮೇಲಕ್ಕೆ ಸರಿಯುತ್ತದೆ, ಇಲ್ಲವೇ ಅದರ ಅಂಚಿನಲ್ಲಿ ವೈನ್ ಒಸರುತ್ತದೆ. ಮತ್ತೆ ತಣಿದಾಗ ಅದೇ ದಾರಿಯಲ್ಲಿ ಗಾಳಿ ಒಳಕ್ಕೆ ಸೇರುತ್ತದೆ. ಇದರ ಜೊತೆಗೆ, ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆ ಎಂಬ ಹಳೆಯ ನಿಯಮ ವೈನ್‌ಗೂ ಅನ್ವಯಿಸುತ್ತದೆ. ಚಳಿ ಅಷ್ಟು ಅಪಾಯಕಾರಿಯಲ್ಲ. 2010ರಲ್ಲಿ ಬಾಲ್ಟಿಕ್ ಸಮುದ್ರದ ಓಲಾಂಡ್ ದ್ವೀಪಗಳ ಬಳಿ, ಮುಳುಗಿದ ಹಡಗೊಂದರಿಂದ ಸುಮಾರು 170 ವರ್ಷ ಹಳೆಯ ಶಾಂಪೇನ್ ಬಾಟಲಿಗಳನ್ನು ಮುಳುಗುಗಾರರು ಮೇಲೆ ತಂದರು. ಸುಮಾರು 50 ಮೀಟರ್ ಆಳದ ಕತ್ತಲಲ್ಲಿ, 2ರಿಂದ 4 ಡಿಗ್ರಿಯ ತಣ್ಣೀರಿನಲ್ಲಿ ಮಲಗಿದ್ದ ಅವುಗಳಲ್ಲಿ ಕೆಲವು ಇನ್ನೂ ಕುಡಿಯುವಂತಿದ್ದವು.

ನೆಲ ಅಗೆಸುವ ನಿಮ್ಮ ಎರಡನೆಯ ಪ್ರಶ್ನೆಯನ್ನು ಇಲ್ಲಿಯೇ ಮುಗಿಸಿಬಿಡೋಣ. ನೆಲಮಾಳಿಗೆ ತಾನಾಗಿಯೇ ತಂಪಾಗಿರುತ್ತದೆ ಎಂಬುದು ಅರ್ಧ ಮಾತ್ರ ಸತ್ಯ. ಮಣ್ಣಿನಲ್ಲಿ ಆಳಕ್ಕೆ ಹೋದಂತೆ ಹಗಲು ರಾತ್ರಿಗಳ ವ್ಯತ್ಯಾಸ ಮೊದಲು ಅಳಿಯುತ್ತದೆ, ಆಮೇಲೆ ಋತುಗಳ ವ್ಯತ್ಯಾಸವೂ ಅಳಿಯುತ್ತದೆ. ಹತ್ತು ಮೀಟರ್‌ನ ಆಸುಪಾಸಿನಲ್ಲಿ ಉಳಿಯುವುದು ಆ ಸ್ಥಳದ ಗಾಳಿಯ ವಾರ್ಷಿಕ ಸರಾಸರಿ ಉಷ್ಣತೆಗೆ ಹತ್ತಿರವಾದ ಒಂದೇ ಅಂಕಿ. ಫ್ರಾನ್ಸಿನ ರೀಮ್ಸ್ ನಗರದ ಕೆಳಗಿರುವ ಸುಣ್ಣಕಲ್ಲಿನ ಹಳೆಯ ಗಣಿಗಳಲ್ಲಿ ಶಾಂಪೇನ್ ಮಾಗುವುದು, ಮೊಲ್ಡೋವಾದ ಮಿಲೆಸ್ತಿ ಮಿಚ್‌ನ ಸುರಂಗಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಬಾಟಲಿಗಳು ಯಂತ್ರದ ಹಂಗಿಲ್ಲದೆ ಮಲಗಿರುವುದು ಅಲ್ಲಿನ ವಾರ್ಷಿಕ ಸರಾಸರಿಯೇ ತಂಪಾಗಿರುವುದರಿಂದ. ವಾರ್ಷಿಕ ಸರಾಸರಿ 25 ಡಿಗ್ರಿ ಇರುವಲ್ಲಿ ಎಷ್ಟು ಆಳ ಅಗೆದರೂ ನಿಮಗೆ ಸಿಗುವುದು ಬಹಳ ಸ್ಥಿರವಾದ 25 ಡಿಗ್ರಿ. ಸ್ಥಿರತೆಯನ್ನು ಮಣ್ಣು ಧರ್ಮಕ್ಕೆ ಕೊಡುತ್ತದೆ, ತಂಪನ್ನು ಕೊಡುವುದಿಲ್ಲ. ನಿಮ್ಮ ಊರಿನ ವಾರ್ಷಿಕ ಸರಾಸರಿ ಉಷ್ಣತೆಯನ್ನು ಹವಾಮಾನ ದಾಖಲೆಗಳಲ್ಲಿ ನೋಡಿ. ಅದು 14ಕ್ಕಿಂತ ಮೇಲಿದ್ದರೆ ಅಗೆತದ ವೆಚ್ಚವನ್ನು ಉಗ್ರಾಣದ ಗೋಡೆಗೆ ಹಾಕುವುದು ಲೇಸು.

ಈಗ ಗೋಡೆಯ ವಿಷಯ. ವೈನ್ ಕೋಣೆ ಎಂದರೆ ಬಿಸಿಯನ್ನು ಹೊರಗಿಡುವ ಕೋಣೆ ಎಂದು ಎಲ್ಲರೂ ತಿಳಿದಿರುತ್ತಾರೆ. ಅದಕ್ಕಿಂತ ಕಠಿಣವಾದ ಕೆಲಸ ನೀರಾವಿಯನ್ನು ಹೊರಗಿಡುವುದು. ಹೊರಗೆ 30 ಡಿಗ್ರಿ ಉಷ್ಣತೆ ಮತ್ತು 70 ಪ್ರತಿಶತ ಆರ್ದ್ರತೆ, ಒಳಗೆ 13 ಡಿಗ್ರಿ ಮತ್ತು 65 ಪ್ರತಿಶತ ಆರ್ದ್ರತೆ ಇದೆ ಎಂದಿಟ್ಟುಕೊಳ್ಳಿ. ಶೇಕಡಾ ಅಂಕಿಗಳು ಹೆಚ್ಚುಕಡಿಮೆ ಒಂದೇ ಎನಿಸಿದರೂ, ಹೊರಗಿನ ಗಾಳಿಯಲ್ಲಿ ನೀರಾವಿಯ ಒತ್ತಡ ಒಳಗಿನದಕ್ಕಿಂತ ಮೂರು ಪಟ್ಟು ಇರುತ್ತದೆ. ಈ ಒತ್ತಡ ಹಗಲೂ ರಾತ್ರಿ ಇಟ್ಟಿಗೆ, ಗಾರೆ, ಉಷ್ಣನಿರೋಧಕ ಎಲ್ಲದರ ಮೂಲಕ ಆವಿಯನ್ನು ಒಳಕ್ಕೆ ನೂಕುತ್ತಲೇ ಇರುತ್ತದೆ. ಅಂಥ ಗಾಳಿಯ ಇಬ್ಬನಿ ಬಿಂದು ಸುಮಾರು 24 ಡಿಗ್ರಿ. ಅಂದರೆ 24ಕ್ಕಿಂತ ತಣ್ಣಗಿರುವ ಯಾವುದೇ ಜಾಗವನ್ನು ಮುಟ್ಟಿದ ಕೂಡಲೇ ಆವಿ ನೀರಾಗುತ್ತದೆ. ಗೋಡೆಯ ಹೊರಮೈ 30, ಒಳಮೈ 13 ಆಗಿರುವಾಗ, ನಿರೋಧಕದ ದಪ್ಪದಲ್ಲಿ ಮೂರನೆಯ ಒಂದು ಭಾಗ ದಾಟುವಷ್ಟರಲ್ಲಿಯೇ ಈ 24 ಡಿಗ್ರಿ ಸಿಕ್ಕಿಬಿಡುತ್ತದೆ. ನೀರು ಹುಟ್ಟುವುದು ನಿಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ, ಗೋಡೆಯ ಹೊಟ್ಟೆಯೊಳಗೆ.

ಇದಕ್ಕಿರುವ ಪರಿಹಾರ ಆವಿತಡೆ: 0.15 ಮಿಲಿಮೀಟರ್‌ನಷ್ಟಾದರೂ ದಪ್ಪವಿರುವ ಪಾಲಿಥಿನ್ ಹಾಳೆ. ಅದನ್ನು ನಿರೋಧಕದ ಯಾವ ಬದಿಗೆ ಹಾಕಬೇಕು ಎಂಬುದೇ ಇಡೀ ಕೋಣೆಯ ಅತಿ ಮುಖ್ಯ ನಿರ್ಧಾರ. ಅದು ಸದಾ ಬಿಸಿಯಿರುವ ಬದಿಯಲ್ಲಿ, ಅಂದರೆ ಕೋಣೆಯಿಂದ ನೋಡಿದರೆ ನಿರೋಧಕದ ಹಿಂದೆ, ಹೊರಗಿನ ಕಡೆಗೆ ಇರಬೇಕು. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ನನ್ನದೇ ಮೊದಲ ಕೋಣೆಯಲ್ಲಿ ಹಾಳೆಯನ್ನು ಒಳಬದಿಗೆ, ಹಲಗೆಯ ಹಿಂದುಗಡೆಯೇ ಬಡಿದಿದ್ದೆ. ಚಳಿಯೂರಿನ ಮನೆಗಳ ಕೈಪಿಡಿಯೊಂದರಲ್ಲಿ ಹಾಗೆ ಹೇಳಿತ್ತು, ಮತ್ತು ಒಳಗಡೆ ಬಿಸಿ ಮಾಡುವ ಮನೆಗೆ ಅದು ಸರಿಯಾದ ಮಾತೇ ಆಗಿತ್ತು. ನನ್ನ ಕೋಣೆಯಲ್ಲಿ ಬಿಸಿ ಇದ್ದದ್ದು ಹೊರಗೆ. ಎರಡನೆಯ ವರ್ಷ ಮುಗ್ಗಲು ವಾಸನೆ ಬಂದಾಗ ಹಲಗೆ ಬಿಚ್ಚಿದೆ: ಹಾಳೆಯ ಬೆನ್ನಿನಲ್ಲಿ ನೀರು ಇಳಿಯುತ್ತಿತ್ತು, ಗಾಜಿನ ಉಣ್ಣೆ ಹಿಂಡಿದರೆ ಸುರಿಯುವಂತಿತ್ತು, ಚೌಕಟ್ಟಿನ ಮರ ಬುಡದಲ್ಲಿ ಕಪ್ಪಗಾಗಿತ್ತು. ಒದ್ದೆಯಾದ ಉಣ್ಣೆ ಉಷ್ಣವನ್ನು ತಡೆಯುವುದಿಲ್ಲವಾದ್ದರಿಂದ ಯಂತ್ರ ಬಿಡುವಿಲ್ಲದೆ ಓಡುತ್ತಿತ್ತು, ನಾನು ಯಂತ್ರವನ್ನು ಬೈಯುತ್ತಿದ್ದೆ.

ಆ ಪಾಠದ ನಂತರ ನಾನು ಹೆಚ್ಚಾಗಿ ಸಲಹೆ ಮಾಡುವುದು ಸಿಂಪಡಿಸಿ ತುಂಬುವ, ಮುಚ್ಚಿದ ಕೋಶಗಳ ಪಾಲಿಯುರಿಥೇನ್ ನೊರೆಯನ್ನು. ಅದು ಸಾಕಷ್ಟು ದಪ್ಪವಿದ್ದಾಗ ತಾನೇ ನಿರೋಧಕವೂ ಆವಿತಡೆಯೂ ಆಗುವುದರಿಂದ ಹಾಳೆ ಯಾವ ಬದಿಗೆ ಎಂಬ ಗೊಂದಲವಿಲ್ಲ. ಬೇಸಿಗೆಯಲ್ಲಿ ಸುಡುವ, ಚಳಿಗಾಲದಲ್ಲಿ ಕೋಣೆಗಿಂತಲೂ ತಣ್ಣಗಾಗುವ ಊರುಗಳಲ್ಲಿ ಆವಿಯ ಓಟ ಋತುವಿಗೊಮ್ಮೆ ದಿಕ್ಕು ಬದಲಿಸುವುದರಿಂದ ಅಲ್ಲಿ ಇದನ್ನು ಬಿಟ್ಟು ಬೇರೆ ದಾರಿಯನ್ನು ನಾನು ಹೇಳುವುದೇ ಇಲ್ಲ. ಗೋಡೆಗೆ ಸುಮಾರು 100 ಮಿಲಿಮೀಟರ್, ಛಾವಣಿಗೆ ಅದಕ್ಕಿಂತ ಹೆಚ್ಚು ದಪ್ಪ ಬೇಕು. ಒತ್ತಿ ತಯಾರಿಸಿದ ಗಟ್ಟಿ ಪಾಲಿಸ್ಟೈರೀನ್ ಹಲಗೆ ಎರಡನೆಯ ಆಯ್ಕೆ. ಪ್ರತಿ ಸಂದನ್ನೂ ಟೇಪಿನಿಂದ ಮುಚ್ಚುವ ತಾಳ್ಮೆ ಇದ್ದರೆ ಅದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಾಳುಕಾಳಾಗಿ ಉದುರುವ ಸಾದಾ ಥರ್ಮೋಕೋಲ್ ಕಾಲಕ್ರಮದಲ್ಲಿ ತೇವ ಹೀರಿಕೊಳ್ಳುತ್ತದೆ, ಅದು ಬೇಡ. ನಿರೋಧಕವನ್ನು ಮೂರು ಗೋಡೆಗೆ ಹಾಕಿ ನಾಲ್ಕನೆಯದನ್ನು, ಅದು ಮನೆಯ ಒಳಗೋಡೆ ಎಂಬ ಕಾರಣಕ್ಕೆ, ಬಿಟ್ಟವರನ್ನು ನೋಡಿದ್ದೇನೆ. ಆರು ಬದಿಗಳ ಪೆಟ್ಟಿಗೆಯಲ್ಲಿ ಐದನ್ನು ಮುಚ್ಚುವುದು ತೂತು ಬಿದ್ದ ಕೊಡಕ್ಕೆ ನೀರು ಹೊತ್ತಂತೆ. ನೆಲವನ್ನೂ ಮರೆಯಬಾರದು: ಕಾಂಕ್ರೀಟ್ ನೆಲದ ಮೂಲಕವೂ ತೇವ ಮೇಲೇರುತ್ತದೆ, ಆದ್ದರಿಂದ ಅದಕ್ಕೆ ತೇವನಿರೋಧಕ ಲೇಪ ಮತ್ತು ಮೇಲೆ ಟೈಲ್ಸ್ ಅಥವಾ ಕಲ್ಲು ಇರಲಿ. ಕಾರ್ಪೆಟ್ ಬೂಷ್ಟಿಗೆ ಹಾಸಿಕೊಟ್ಟ ಹಾಸಿಗೆ.

ಇಷ್ಟು ಮಾಡಿದ ಮೇಲೆ ವಿದ್ಯುತ್ ಕೆಲಸದವರು ಬಂದು ಸ್ವಿಚ್ ಪೆಟ್ಟಿಗೆಗಾಗಿ, ಛಾವಣಿಯಲ್ಲಿ ಹುದುಗಿಸುವ ದೀಪಕ್ಕಾಗಿ ಹತ್ತು ಕಡೆ ಕೊರೆದರೆ ಎಲ್ಲವೂ ವ್ಯರ್ಥ. ಸ್ವಿಚ್ಚುಗಳೆಲ್ಲ ಕೋಣೆಯ ಹೊರಗಿರಲಿ, ದೀಪಗಳು ಹಲಗೆಯ ಮೇಲೆ ಅಂಟಿಸುವಂಥವಾಗಿರಲಿ, ವೈರು ಹೊಕ್ಕುವ ಒಂದೆರಡು ತೂತುಗಳನ್ನು ನೊರೆ ತುಂಬಿ ಮುಚ್ಚಿಸಿ.

ಗಾಜಿನ ಗೋಡೆಯ ವಿಷಯದಲ್ಲಿ ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚಬೇಕಾಗಿದೆ. ಆದರೆ ಬರಿಯ ಬೇಡ ಎನ್ನುವುದಕ್ಕಿಂತ ಲೆಕ್ಕವನ್ನೇ ಮುಂದಿಡುತ್ತೇನೆ. ನಿಮ್ಮ ಕೋಣೆಯ ಆರು ಬದಿಗಳ ಒಟ್ಟು ವಿಸ್ತೀರ್ಣ 36 ಚದರ ಮೀಟರ್. ನಿರೋಧಕವಿಲ್ಲದ ಇಟ್ಟಿಗೆ ಗೋಡೆಯ ಪ್ರತಿ ಚದರ ಮೀಟರ್ ಮೂಲಕ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 2 ವ್ಯಾಟ್ ಉಷ್ಣ ಒಳನುಗ್ಗುತ್ತದೆ. ನಾನು ಹೇಳಿದ ಗೋಡೆಯಲ್ಲಿ, ಕೆಲಸದ ಸಣ್ಣಪುಟ್ಟ ಕೊರತೆಗಳನ್ನೂ ಸೇರಿಸಿ, ಅದು 0.3 ವ್ಯಾಟ್ ಎಂದು ಹಿಡಿಯಬಹುದು. ಹೊರಗೂ ಒಳಗೂ 17 ಡಿಗ್ರಿ ವ್ಯತ್ಯಾಸವಿದ್ದಾಗ ಬರಿಯ ಕೋಣೆಗೆ 1,200 ವ್ಯಾಟ್‌ಗೂ ಹೆಚ್ಚು ಉಷ್ಣ ನುಗ್ಗಿದರೆ, ನಿರೋಧಕ ಹಾಕಿದ ಕೋಣೆಗೆ ನುಗ್ಗುವುದು ಸುಮಾರು 184 ವ್ಯಾಟ್. ಈಗ ಉದ್ದನೆಯ ಬದಿಯ 7.2 ಚದರ ಮೀಟರ್ ಗೋಡೆ ತೆಗೆದು ಸಾಮಾನ್ಯ ಇಬ್ಬದರ ಗಾಜು ಹಾಕಿ. ಅಂಥ ಗಾಜಿನ ಅಂಕಿ 2.8ರಷ್ಟಿರುವುದರಿಂದ ಅದೊಂದರಿಂದಲೇ 340 ವ್ಯಾಟ್ ಬರುತ್ತದೆ. ಉಳಿದ ಐದೂ ಬದಿಗಳು ಸೇರಿ ಕೊಡುವುದು 147. ಅಂದರೆ ಒಂದು ಗೋಡೆಯ ಅಂದಕ್ಕಾಗಿ ಯಂತ್ರದ ಹೊರೆ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು.

ಗಾಜಿನ ಮೇಲೆ ಬೆವರುವುದು ಇನ್ನೊಂದು ತೊಡಕು. ಒಂಟಿ ಗಾಜು ಹಾಕಿದರೆ ಅದರ ಹೊರಮೈ 17–18 ಡಿಗ್ರಿಗೆ ಇಳಿಯುತ್ತದೆ. ಇಬ್ಬನಿ ಬಿಂದು 24 ಆಗಿರುವ ದಿನ ಅದರ ಮೇಲೆ ನೀರು ಹರಿಯುತ್ತದೆ, ಕೆಳಗಿನ ನೆಲ ಸದಾ ಒದ್ದೆ. ಸಾದಾ ಇಬ್ಬದರ ಗಾಜಿನ ಹೊರಮೈ ಹೆಚ್ಚುಕಡಿಮೆ 24ರಲ್ಲಿಯೇ ನಿಲ್ಲುವುದರಿಂದ ಅದು ಗಡಿರೇಖೆಯ ಮೇಲಿದೆ: ಒಣ ದಿನ ಸ್ವಚ್ಛ, ತೇವದ ದಿನ ಮಂಜು. ಉಷ್ಣವನ್ನು ಪ್ರತಿಫಲಿಸುವ ಲೇಪವಿದ್ದು ನಡುವೆ ಆರ್ಗಾನ್ ಅನಿಲ ತುಂಬಿದ ಇಬ್ಬದರ ಗಾಜು ಮಾತ್ರ, ಹೊರಮೈ 27 ಡಿಗ್ರಿಯ ಹತ್ತಿರ ಉಳಿಯುವುದರಿಂದ, ಒಣಗಿರುತ್ತದೆ. ಅದರ ಮೂಲಕ ಬರುವ ಉಷ್ಣವೂ ಉಳಿದ ಐದು ಬದಿಗಳ ಒಟ್ಟು ಮೊತ್ತಕ್ಕೆ ಸಮನಾದಷ್ಟಕ್ಕೆ ಇಳಿಯುತ್ತದೆ. ನನ್ನ ಸಲಹೆ ಇಷ್ಟೆ: ಬಾಗಿಲಿನ ಮಧ್ಯದಲ್ಲಿ ಇಂಥ ಗಾಜಿನ ಒಂದು ಕಿಂಡಿ ಇರಲಿ, ನೋಡುವ ಆಸೆ ಅಲ್ಲಿಗೆ ತೀರಲಿ. ಇಡೀ ಗೋಡೆಯೇ ಬೇಕೆಂದು ಹಟವಿದ್ದರೆ ಆ ಗಾಜಿಗೆ ಬಿಸಿಲು ತಾಗದಂತೆ, ಮತ್ತು ಸ್ಟೀಲ್ ಅಥವಾ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಉಷ್ಣ ತಡೆಯುವ ಪಟ್ಟಿ ಇರುವಂತೆ ನೋಡಿಕೊಳ್ಳಿ. ಗಾಜು ಎಷ್ಟೇ ಒಳ್ಳೆಯದಿದ್ದರೂ ಬರಿಯ ಲೋಹದ ಚೌಕಟ್ಟು ಬೆವರಿಯೇ ಬೆವರುತ್ತದೆ.

ಬಾಗಿಲು ಮನೆಯ ಮುಂಬಾಗಿಲಿನಷ್ಟು ದಪ್ಪದ್ದು, ಒಳಗೆ ನಿರೋಧಕ ತುಂಬಿದ್ದು ಆಗಿರಬೇಕು. ನಾಲ್ಕೂ ಅಂಚಿಗೆ ರಬ್ಬರ್ ಪಟ್ಟಿ ಕಡ್ಡಾಯ. ಹೊಸ್ತಿಲಿನ ಕೆಳಗಿನ ಸಂದನ್ನು ಜನ ಮರೆಯುತ್ತಾರೆ, ತಣ್ಣನೆಯ ಗಾಳಿ ಭಾರವಾಗಿರುವುದರಿಂದ ಸೋರುವುದೂ ಅಲ್ಲಿಯೇ. ಬಾಗಿಲು ಮುಚ್ಚಿ, ಒಳಗೆ ದೀಪ ಹಚ್ಚಿ, ಹೊರಗೆ ಕತ್ತಲು ಮಾಡಿ ನೋಡಿದರೆ ಎಲ್ಲಿ ಬೆಳಕು ಇಣುಕುತ್ತದೆಯೋ ಅಲ್ಲಿ ಗಾಳಿಯೂ ಓಡಾಡುತ್ತಿದೆ ಎಂದರ್ಥ.

ಯಂತ್ರದ ಸರದಿ ಈಗ ಬಂತು. ಮನೆಗೆ ಹಾಕುವ ಏರ್ ಕಂಡಿಷನರ್ ಇಲ್ಲಿ ಮೂರು ಕಾರಣಗಳಿಂದ ಸಲ್ಲುವುದಿಲ್ಲ. ಸಾಮಾನ್ಯವಾಗಿ ಅದು 16 ಡಿಗ್ರಿಗಿಂತ ಕೆಳಗೆ ಇಳಿಯುವಂತೆ ರಚಿತವಾಗಿಲ್ಲ. ಅದರ ಥರ್ಮೋಸ್ಟಾಟ್‌ಗೆ ಸುಳ್ಳು ಹೇಳಿ ಇಳಿಸುವ ಸಾಧನಗಳಿವೆಯಾದರೂ ಆಗ ಒಳಗೆ ಗಾಳಿಯನ್ನು ತಣಿಸುವ ಕೊಳವೆಯ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಅದರ ಸುರುಳಿ ಬಹಳ ತಣ್ಣಗಿರುವುದರಿಂದ ಗಾಳಿಯ ತೇವವನ್ನೆಲ್ಲ ಹಿಂಡಿ ತೆಗೆಯುತ್ತದೆ. ಮೂರನೆಯದು ಯಾರೂ ಗಮನಿಸದ ಕಾರಣ, ಅದರ ಗಾತ್ರ. ಒಂದು ಟನ್ ಯಂತ್ರದ ಸಾಮರ್ಥ್ಯ ಸುಮಾರು 3,500 ವ್ಯಾಟ್. ನಿಮ್ಮ ಕೋಣೆಗೆ ಬೇಕಾದದ್ದು, ಬಾಗಿಲು ತೆರೆಯುವುದು, ಗಾಳಿ ಸೋರುವುದು, ದೀಪ ಎಲ್ಲ ಸೇರಿಸಿದರೂ ಮುನ್ನೂರು ನಾನೂರು ವ್ಯಾಟ್. ಹತ್ತು ಪಟ್ಟು ದೊಡ್ಡ ಯಂತ್ರ ಎರಡು ನಿಮಿಷದಲ್ಲಿ ಗಾಳಿಯನ್ನು ತಣಿಸಿ ನಿಲ್ಲುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ, ಮತ್ತೆ ನಿಲ್ಲುತ್ತದೆ. ಬಾಟಲಿಗಳವರೆಗೆ ತಂಪು ಇಳಿಯುವುದೇ ಇಲ್ಲ, ಕಂಪ್ರೆಸರ್ ಬೇಗ ಸಾಯುತ್ತದೆ. ವೈನ್ ಕೋಣೆಗೆಂದೇ ಮಾಡಿದ ಯಂತ್ರದಲ್ಲಿ ಸುರುಳಿ ದೊಡ್ಡದು, ಅದು ಕೋಣೆಗಿಂತ ಸ್ವಲ್ಪವೇ ತಣ್ಣಗೆ ಓಡುತ್ತದೆ, ಆದ್ದರಿಂದ ತೇವ ಹೆಚ್ಚು ಉಳಿಯುತ್ತದೆ.

ಇಂಥ ಯಂತ್ರಗಳಲ್ಲಿ ಗೋಡೆಯ ತೂತಿನಲ್ಲಿ ಕೂರುವ ಒಂದೇ ಪೆಟ್ಟಿಗೆಯದು ಅಗ್ಗ ಮತ್ತು ಸುಲಭ. ಕಂಪ್ರೆಸರ್ ಹೊರಗಿದ್ದು ಕೊಳವೆಯಿಂದ ಜೋಡಿಸುವಂಥದ್ದು ದುಬಾರಿ, ಆದರೆ ಒಳಗೆ ಸದ್ದೂ ಅದುರುವಿಕೆಯೂ ಕಡಿಮೆ. ಮೊದಲ ಬಗೆಯದನ್ನು ಕೊಳ್ಳುವುದಾದರೆ ಅದು ತನ್ನ ಬಿಸಿಯನ್ನು ಎಲ್ಲಿ ಸುರಿಯುತ್ತದೆ ಎಂದು ನೋಡಿ. ಅದರ ಬೆನ್ನು ಮುಚ್ಚಿದ ಸಣ್ಣ ಓಣಿಗೋ ಕಪಾಟಿಗೋ ತೆರೆದುಕೊಂಡರೆ ಆ ಜಾಗ ಕುಲುಮೆಯಾಗುತ್ತದೆ. ಈ ಬಗೆಯ ಹೆಚ್ಚಿನ ಯಂತ್ರಗಳು ತಮ್ಮ ಬೆನ್ನಿನ ಕಡೆಯ ಉಷ್ಣತೆಗಿಂತ ಸುಮಾರು 17 ಡಿಗ್ರಿಯಷ್ಟು ಮಾತ್ರ ಕೋಣೆಯನ್ನು ತಣಿಸಬಲ್ಲವು. ಬೆನ್ನಿಗೆ 38 ಇದ್ದರೆ ಮುಂದೆ 21ಕ್ಕಿಂತ ಕೆಳಗೆ ಇಳಿಯಲಾರದೆ ಅದು ದಿನವಿಡೀ ಏದುಸಿರು ಬಿಡುತ್ತದೆ. ಯಂತ್ರವನ್ನು ಗೋಡೆಯ ಮೇಲ್ಭಾಗದಲ್ಲಿ ಕೂರಿಸಿ, ಅದರ ಮುಂದೆ ರ‍್ಯಾಕ್ ಇಡಬೇಡಿ, ಸುರುಳಿಯಿಂದ ತೊಟ್ಟಿಕ್ಕುವ ನೀರಿಗೆ ಇಳಿಜಾರಿನ ಕೊಳವೆ ಕೊಡಿ, ಮತ್ತು ಅದಕ್ಕೆ ಪ್ರತ್ಯೇಕ ವಿದ್ಯುತ್ ಸಂಪರ್ಕವಿರಲಿ.

ವಿದ್ಯುತ್ ಹೋದರೆ ಗತಿಯೇನು ಎಂಬ ಭಯ ಎಲ್ಲರಿಗೂ ಇರುತ್ತದೆ. ಒಂದು ತುಂಬಿದ ಬಾಟಲಿಯನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 3.5 ಕಿಲೋಜೂಲ್ ಬೇಕು. 500 ಬಾಟಲಿಗೆ 1,750. ಅದೇ ಕೋಣೆಯಲ್ಲಿರುವ ಗಾಳಿಗೆ ಬೇಕಾದದ್ದು ಕೇವಲ 17. ಆದ್ದರಿಂದ ಬಾಗಿಲು ಮುಚ್ಚಿಟ್ಟರೆ, 184 ವ್ಯಾಟ್ ನುಗ್ಗುವ ಕೋಣೆಯಲ್ಲಿ ಬಾಟಲಿಗಳು ಒಂದು ಡಿಗ್ರಿ ಏರಲು ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ, ಹತ್ತು ಗಂಟೆ ವಿದ್ಯುತ್ ಇಲ್ಲದಿದ್ದರೂ ಏರುವುದು ನಾಲ್ಕು ಡಿಗ್ರಿಗಿಂತ ಕಡಿಮೆ. ನಿರೋಧಕವಿಲ್ಲದ ಕೋಣೆಯಲ್ಲಿ ಅದೇ ಒಂದು ಡಿಗ್ರಿಗೆ ಅರ್ಧ ಗಂಟೆಯೂ ಬೇಕಿಲ್ಲ. ಜನರೇಟರ್ ಬಗ್ಗೆ ವಿಚಾರಿಸುವವರಿಗೆ ನಾನು ಇದೇ ಲೆಕ್ಕ ತೋರಿಸಿ ಗೋಡೆಯ ದಪ್ಪವನ್ನು ಇನ್ನೊಂದಿಷ್ಟು ಹೆಚ್ಚಿಸಲು ಹೇಳುತ್ತೇನೆ. ಇದೇ ಕಾರಣಕ್ಕೆ ಉಷ್ಣಮಾಪಕದ ತುದಿಯನ್ನು ಗಾಳಿಯಲ್ಲಿ ತೂಗುಹಾಕುವ ಬದಲು ನೀರು ತುಂಬಿದ ಬಾಟಲಿಯೊಳಗೆ ಇಳಿಬಿಡಿ: ಗಾಳಿಯ ಅಂಕಿ ಕುಣಿಯುತ್ತಿರುತ್ತದೆ, ವೈನ್‌ಗೆ ನಿಜವಾಗಿ ತಾಗಿದ್ದನ್ನು ನೀರು ಹೇಳುತ್ತದೆ.

ಇನ್ನು ವಾಸನೆ. ಹಲವರು ನಿರ್ಲಕ್ಷಿಸುವ ವಿಷಯ ಇದು; ನನ್ನ ದೃಷ್ಟಿಯಲ್ಲಿ ಆವಿತಡೆಯ ನಂತರದ ಸ್ಥಾನ ಇದರದ್ದೇ. ಬಿರಡೆ ಕೆಟ್ಟ ವೈನ್‌ನಲ್ಲಿ ಬರುವ ಒದ್ದೆ ರಟ್ಟಿನ ವಾಸನೆಗೆ ಟಿಸಿಎ ಎಂಬ ಸಂಯುಕ್ತ ಮುಖ್ಯ ಕಾರಣವೆಂದು ಸ್ವಿಟ್ಜರ್ಲೆಂಡಿನ ಹಾನ್ಸ್ ಟಾನರ್ 1981ರಲ್ಲಿ ಗುರುತಿಸಿದರು. ಒಂದು ಲೀಟರ್‌ನಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ತಿಳಿಯುವ ಈ ವಸ್ತು ಬಿರಡೆಯಲ್ಲಿ ಮಾತ್ರ ಹುಟ್ಟುವುದಿಲ್ಲ. ಕ್ಲೋರಿನ್ ಸೋಂಕಿದ ಮರ ಮತ್ತು ಬೂಷ್ಟು ಒಂದೆಡೆ ಸೇರಿದಲ್ಲೆಲ್ಲ ಹುಟ್ಟಬಲ್ಲದು. ಕ್ಲೋರಿನ್‌ನ ಜಾಗದಲ್ಲಿ ಬ್ರೋಮಿನ್ ಇರುವ ಅದರ ಸೋದರ ಸಂಯುಕ್ತ, ಮರ ಕೆಡದಂತೆ ಹಚ್ಚುವ ಕೆಲವು ರಾಸಾಯನಿಕಗಳಿಂದ ಬಂದು ಸೆಲ್ಲರಿನ ಗಾಳಿಯನ್ನೇ ಕೆಡಿಸುತ್ತದೆ ಎಂಬುದನ್ನು ಬೋರ್ಡೋದ ಪಾಸ್ಕಲ್ ಶಾತೊನೆ ಮತ್ತು ಅವರ ಸಂಗಡಿಗರು 2004ರಲ್ಲಿ ತೋರಿಸಿದರು. ಹೀಗಿರುವಾಗ ಆ ಕೋಣೆಯನ್ನು ಬ್ಲೀಚ್ ಹಾಕಿ ತೊಳೆಯಬೇಡಿ, ಗೆದ್ದಲಿನ ಔಷಧಿ ಹಚ್ಚಿದ ಮರ ತರಬೇಡಿ, ರಟ್ಟಿನ ಪೆಟ್ಟಿಗೆಗಳನ್ನು ಒಳಗೆ ಪೇರಿಸಬೇಡಿ. ಒಳಗೋಡೆಗೆ ತೇವ ತಡೆಯುವ ಜಿಪ್ಸಮ್ ಅಥವಾ ಸಿಮೆಂಟ್ ಹಲಗೆ, ಅದರ ಮೇಲೆ ವಾಸನೆ ಕಡಿಮೆಯಿರುವ ನೀರಿನ ಬಣ್ಣ ಸಾಕು. ಬಣ್ಣದ ಘಾಟು ಪೂರ್ತಿ ಆರುವವರೆಗೆ, ಅದಕ್ಕೆ ವಾರಗಳೇ ಹಿಡಿದರೂ, ಒಂದು ಬಾಟಲಿಯೂ ಒಳಗೆ ಹೋಗಬಾರದು. ದೇವದಾರುವಿನಂಥ ಗಂಧವುಳ್ಳ ಮರ ರ‍್ಯಾಕ್‌ಗೆ ಬೇಡ. ಸಪೇಲೆ, ಮಹಾಗನಿ, ಚೆನ್ನಾಗಿ ಒಣಗಿದ ಪೈನ್ ಆಗುತ್ತವೆ, ವಾರ್ನಿಶ್ ಇಲ್ಲದೆ. ಮರದ ಹೊಟ್ಟಿನಿಂದ ಒತ್ತಿದ ಹಲಗೆಗಳು ಈ ತೇವದಲ್ಲಿ ಉಬ್ಬಿ ಬಿರಿಯುತ್ತವೆ.

ಬೆಳಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅತಿನೇರಳೆ ಮತ್ತು ನೀಲಿ ಬೆಳಕು ವೈನ್‌ನಲ್ಲಿರುವ ರೈಬೋಫ್ಲೇವಿನ್ ಮೂಲಕ ಗಂಧಕದ ದುರ್ವಾಸನೆಯ ಸಂಯುಕ್ತಗಳನ್ನು ಹುಟ್ಟಿಸುತ್ತದೆ. ಬಣ್ಣವಿಲ್ಲದ ಗಾಜಿನ ಬಾಟಲಿಯಲ್ಲಿರುವ ಬಿಳಿ ವೈನ್ ಮತ್ತು ಶಾಂಪೇನ್ ಇದಕ್ಕೆ ಮೊದಲು ಬಲಿಯಾಗುತ್ತವೆ. ಹಳದಿ ಛಾಯೆಯ ಮಂದ ಎಲ್‌ಇಡಿ ದೀಪ, ಹೊರಬಂದಾಗ ತಾನಾಗಿ ಆರುವಂತೆ ಒಂದು ಟೈಮರ್, ಅಷ್ಟು ಸಾಕು. ಅದುರುವಿಕೆಯ ಬಗ್ಗೆ ಜನ ಹೆದರುವಷ್ಟು ಹೆದರಬೇಕಾಗಿಲ್ಲ. ಹಳೆಯ ವೈನ್‌ನ ತಳದ ಗಷ್ಟು ಕದಡದಂತೆ ಬಾಟಲಿಗಳನ್ನು ಪದೇ ಪದೇ ಮುಟ್ಟದಿರುವುದೇ ಮುಖ್ಯ.

ರ‍್ಯಾಕ್ ವಿಷಯದಲ್ಲಿ ನಿಮಗೊಂದು ಸಂತೋಷದ ಸುದ್ದಿ ಇದೆ. ನಿರೋಧಕ ಮತ್ತು ಹಲಗೆ ಸೇರಿ ಎಲ್ಲ ಬದಿಗಳಿಂದಲೂ ಹತ್ತು ಹನ್ನೆರಡು ಸೆಂಟಿಮೀಟರ್ ನುಂಗಿದ ಮೇಲೂ, 10 ಸೆಂಟಿಮೀಟರ್ ಅಂತರದ ಗೂಡುಗಳನ್ನು ಉದ್ದ ಗೋಡೆಯೊಂದರಲ್ಲಿಯೇ 27 ಸಾಲು ಅಗಲಕ್ಕೆ, 20 ಸಾಲು ಎತ್ತರಕ್ಕೆ ಜೋಡಿಸಬಹುದು: 540 ಬಾಟಲಿ. ಬೋರ್ಡೋ ಬಾಟಲಿಯ ಸುತ್ತಳತೆ ಸಣ್ಣದು, ಬರ್ಗಂಡಿಯದು ದಪ್ಪ, ಶಾಂಪೇನ್‌ನದು ಇನ್ನೂ ದಪ್ಪ, ಒಂದೂವರೆ ಲೀಟರ್‌ನ ಮ್ಯಾಗ್ನಮ್ ಈ ಗೂಡಿಗೆ ಹೊಕ್ಕುವುದೇ ಇಲ್ಲ. ಎದುರು ಗೋಡೆಯಲ್ಲಿ ಕೆಲವು ಅಗಲ ಗೂಡುಗಳನ್ನು ಬಿಟ್ಟುಕೊಳ್ಳಿ. ತುಂಬಿದ ಬಾಟಲಿ ಸರಾಸರಿ 1.3 ಕಿಲೋ ತೂಗುತ್ತದೆ ಎಂದರೂ 500ಕ್ಕೆ 650 ಕಿಲೋ ಆಯಿತು, ಅದೂ ಒಂದೇ ಗೋಡೆಯ ಬುಡದಲ್ಲಿ. ಉಗ್ರಾಣ ಮೇಲ್ಮಹಡಿಯಲ್ಲಿದ್ದರೆ ಕಟ್ಟಡದ ಎಂಜಿನಿಯರ್ ಒಬ್ಬರಿಗೆ ತೋರಿಸದೆ ಮುಂದುವರಿಯಬೇಡಿ. ಕೋಣೆಯಲ್ಲಿ ಮೇಲೆ ಕೆಳಗೆ ಒಂದೆರಡು ಡಿಗ್ರಿ ವ್ಯತ್ಯಾಸ ಇದ್ದೇ ಇರುತ್ತದೆ, ಆದ್ದರಿಂದ ಶಾಂಪೇನ್ ಮತ್ತು ಬಿಳಿ ವೈನ್ ಕೆಳಗಿನ ಸಾಲುಗಳಲ್ಲಿ, ಪೋರ್ಟ್‌ನಂಥ ಗಟ್ಟಿಮುಟ್ಟಾದವು ಮೇಲಿನ ಸಾಲುಗಳಲ್ಲಿ ಇರಲಿ.

ಬಾಟಲಿಯನ್ನು ಮಲಗಿಸಲೇಬೇಕೆ ಎಂದು ಮುಂದಿನ ಪತ್ರದಲ್ಲಿ ನೀವು ಕೇಳಬಹುದು. ಕಾರ್ಕ್ ಬಿರಡೆಯ ಬಾಟಲಿಯನ್ನು ವರ್ಷಗಟ್ಟಲೆ ಇಡುವುದಾದರೆ ಮಲಗಿಸಿ. ತಿರುಚುವ ಮುಚ್ಚಳದ್ದು ಹೇಗಿದ್ದರೂ ನಡೆಯುತ್ತದೆ. ಕೋಣೆಯ ಆರ್ದ್ರತೆ 50ಕ್ಕಿಂತ ಕೆಳಗಿಳಿದು ಬಹುಕಾಲ ಅಲ್ಲಿಯೇ ನಿಂತರೆ ಬಿರಡೆಯ ಹೊರತುದಿ ಒಣಗಿ ಕುಗ್ಗುತ್ತದೆ, 80 ದಾಟಿದರೆ ಲೇಬಲ್ ಬೂಷ್ಟು ಹಿಡಿಯುತ್ತದೆ; ನಡುವಿನ ಅಂಕಿಗಳಲ್ಲಿ 62 ಒಳ್ಳೆಯದೋ 68 ಒಳ್ಳೆಯದೋ ಎಂದು ತಲೆ ಕೆಡಿಸಿಕೊಳ್ಳುವುದು ದಂಡ. ಆರ್ದ್ರತೆ ಹೆಚ್ಚಿಸುವ ಯಂತ್ರವನ್ನು ಈಗಲೇ ಕೊಳ್ಳಬೇಡಿ. ಆರು ತಿಂಗಳ ಅಳತೆ ನೋಡಿದ ಮೇಲೆ ಬೇಕೆನಿಸಿದರೆ ಆಗ ಕೊಳ್ಳಬಹುದು.

ಎಲ್ಲ ಮುಗಿದ ಮೇಲೆ ಕೋಣೆಯನ್ನು ಎರಡು ವಾರ ಖಾಲಿಯಾಗಿಯೇ ಓಡಿಸಿ, ಉಷ್ಣತೆ ಮತ್ತು ಆರ್ದ್ರತೆಯನ್ನು ತಾನೇ ಬರೆದಿಡುವ ಮಾಪಕವೊಂದನ್ನು ಒಳಗಿಡಿ, ಗೋಡೆಯ ಮೂಲೆಗಳನ್ನು ಕೈಯಿಂದ ಮುಟ್ಟಿ ತೇವವಿದೆಯೇ ನೋಡಿ. ಆಮೇಲೂ ಬಾಟಲಿಗಳನ್ನೆಲ್ಲ ಒಂದೇ ದಿನ ತುಂಬಬೇಡಿ. 30 ಡಿಗ್ರಿಯಲ್ಲಿರುವ 500 ಬಾಟಲಿಗಳನ್ನು 13ಕ್ಕೆ ಇಳಿಸಲು ಎಂಟು ಯೂನಿಟ್‌ಗೂ (ಕಿಲೋವ್ಯಾಟ್-ಗಂಟೆ) ಹೆಚ್ಚು ಉಷ್ಣವನ್ನು ಹೊರಹಾಕಬೇಕು. ದಿನಕ್ಕೆ ನೂರರಂತೆ ಸೇರಿಸಿದರೆ ಯಂತ್ರ ಉಸಿರಾಡಲು ಬಿಡುವು ಸಿಗುತ್ತದೆ.

ಈ ಕೆಲಸಕ್ಕೆಲ್ಲ ಕೆಲವು ತಿಂಗಳು ಹಿಡಿಯುತ್ತದೆ. ಅಷ್ಟರವರೆಗೆ ಬಾಟಲಿಗಳನ್ನು ಅಡುಗೆಮನೆಯ ಕಪಾಟಿನ ಮೇಲಿಂದ ಇವತ್ತೇ ಇಳಿಸಿ. ಮನೆಯಲ್ಲಿ ದಿನದ ಏರಿಳಿತ ಅತಿ ಹೆಚ್ಚು ಇರುವುದು ಒಲೆಯ ಕೋಣೆಯಲ್ಲಿ, ಅದರಲ್ಲಿಯೂ ಛಾವಣಿಯ ಹತ್ತಿರ. ಹೊರಗೋಡೆಗೆ ತಾಗದ, ಬಿಸಿಲು ಕಾಣದ ಒಳಕೋಣೆಯೊಂದರ ಬೀರುವಿನ ತಳದ ಅರೆಯಲ್ಲಿ, ಹಳೆಯ ಕಂಬಳಿ ಸುತ್ತಿ ಮಲಗಿಸಿಡಿ.